ಮೊಹರಿನೊಳಗಿನ ಪಾಸ್‌ವರ್ಡು

ಜನನ ಮರಣ ದಾಖಲೆ ಕಚೇರಿಯ ನಕಲು ಗುಮಾಸ್ತನನ್ನು ಎಲ್ಲರೂ ಮೂರುಪ್ರತಿ ಎಂದು ಕರೆಯುತ್ತಿದ್ದರು. ತಂದೆತಾಯಿ ಇಟ್ಟ ಹೆಸರೊಂದು ಇತ್ತು, ಆದರೆ ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಸಿರಾಡುತ್ತಿತ್ತು. ಕಿಟಕಿಗೆ ಬಂದವರು ಏನೇ ಕೇಳಲಿ, ಮೂರು ಪ್ರತಿಯಲ್ಲಿ ಅರ್ಜಿ ಕೊಡಿ ಎನ್ನುವುದು ಅವನ ಮೊದಲ ಮಾತು. ಮನೆಯಲ್ಲಿ ಹೆಂಡತಿ ಉಪ್ಪು ಮುಗಿದಿದೆ ಎಂದಾಗಲೂ ಆ ಮಾತು ನಾಲಿಗೆಯ ತುದಿಗೆ ಬಂದು, ಅವಳ ಕೈಯಲ್ಲಿದ್ದ ಕತ್ತರಿ ನೋಡಿ ಒಳಗೆ ಹೋದದ್ದುಂಟು.

ಇಂಥ ಮನುಷ್ಯ ಹಣ ಹೂಡಿದ. ಅದಕ್ಕೆ ಕಾರಣ ದುರಾಸೆಯಲ್ಲ, ಹನ್ನೊಂದು ಗಂಟೆಯ ಚಹಾ.

ಕಚೇರಿಯಲ್ಲಿ ಚಹಾದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಹೂಡಿಕೆಯ ಮಾತಾಡುತ್ತಿದ್ದರು. ಲೆಕ್ಕಿಗ ಒಂದು ಫ್ಲ್ಯಾಟ್ ಕೊಂಡಿದ್ದ. ಹೆಡ್ ಗುಮಾಸ್ತರು ಚಿನ್ನದವರು. ಕೆಲಸಕ್ಕೆ ಸೇರಿ ಎರಡು ವರ್ಷವಾಗದ ಟೈಪಿಸ್ಟ್ ಕೂಡ ಷೇರು ಎಂದು ಏನೋ ಹೇಳುತ್ತಿದ್ದಳು. ಮೂರುಪ್ರತಿ ಹತ್ತೊಂಬತ್ತು ವರ್ಷ ಈ ಮಾತುಗಳ ನಡುವೆ ಬಿಸ್ಕತ್ತು ಅದ್ದಿಕೊಂಡು ತೆಪ್ಪಗೆ ಕೂತಿದ್ದ. ಅವತ್ತು ಹೆಡ್ ಗುಮಾಸ್ತರು ಸುಮ್ಮನಿರಲಾರದೆ ಕೇಳಿದರು.

"ನಿಮ್ದೇನ್ರೀ ಮೂರುಪ್ರತಿ? ಕಾರ್ಬನ್ ಪೇಪರ್‌ನಲ್ಲಿ ಹಾಕಿದ್ದೀರಾ ದುಡ್ಡು?"

ಎಲ್ಲರೂ ನಕ್ಕರು. ಹಿಂದಿನ ಭಾನುವಾರವಷ್ಟೇ ಹೆಂಡತಿಯ ತಮ್ಮ ಮನೆಗೆ ಬಂದು ಏನೇನೋ ಹೇಳಿ ಹೋಗಿದ್ದ. ಅದರಲ್ಲಿ ನೆನಪಿದ್ದ ಎರಡು ಪದಗಳನ್ನು ಮೂರುಪ್ರತಿ ಈಗ ಬಿಸ್ಕತ್ತಿನ ಸಮೇತ ಹೊರಹಾಕಿದ.

"ನಾನು ಡೊಮೇನ್‌ನಲ್ಲಿ ಹಾಕಿದ್ದೀನಿ. ಹೊಸ ಎಕ್ಸ್‌ಟೆನ್ಷನ್‌ನಲ್ಲಿ."

ಹೆಡ್ ಗುಮಾಸ್ತರು ಚಹಾ ಊದುವುದನ್ನು ನಿಲ್ಲಿಸಿದರು. ಲೆಕ್ಕಿಗ ತನ್ನ ಫ್ಲ್ಯಾಟಿನ ಬಾಲ್ಕನಿಯ ಮಾತನ್ನು ಅರ್ಧಕ್ಕೆ ಬಿಟ್ಟ. ಟೈಪಿಸ್ಟ್ ಮಾತ್ರ, "ಹೌದಾ ಸಾರ್? ರಿಸ್ಕ್ ಅಲ್ವಾ?" ಎಂದಳು. ಅವನು ಬರೀ ಮುಗುಳ್ನಕ್ಕ. ರಿಸ್ಕ್ ಎನ್ನುವುದನ್ನು ದಿನಾ ಬೆಳಿಗ್ಗೆ ಹಲ್ಲುಪುಡಿಯ ಜೊತೆ ಉಜ್ಜುವವನ ಮುಗುಳ್ನಗೆ ಅದು. ಹೇಳಿದ್ದಾಗಿದೆ, ಇನ್ನು ಹಾಕದೆ ವಿಧಿಯಿಲ್ಲ.

ಸಂಜೆ ನೇರವಾಗಿ ಭಾವಮೈದುನನ ಫೋನ್ ರಿಪೇರಿ ಅಂಗಡಿಗೆ ಹೋದ.

"ಅದು ಹೀಗೆ ಭಾವ," ಎಂದು ಅವನು ಬಿಚ್ಚಿದ ಫೋನಿನ ಮೇಲೆ ಬಗ್ಗಿಕೊಂಡೇ ಹೇಳಿದ. "ಇಂಟರ್‌ನೆಟ್‌ನಲ್ಲಿ ಅಂಗಡಿ ಇಡಬೇಕಾದ್ರೆ ಒಂದು ಹೆಸರು ಬೇಕು, ಅದೇ ಡೊಮೇನ್. ಡಾಟ್ ಕಾಮ್‌ನಂಥ ಹಳೇ ಬಾಲ ಇರೋ ಒಳ್ಳೇ ಹೆಸರೆಲ್ಲಾ ಎಂದೋ ಖಾಲಿ. ಅದಕ್ಕೆ ಈಗ ಹೊಸ ಹೊಸ ಬಾಲ ಬಿಟ್ಟಿದ್ದಾರೆ. ಡಾಟ್ ಶಾಪ್, ಡಾಟ್ ಕ್ಲಿನಿಕ್, ಡಾಟ್ ಗಾರ್ಡನ್, ಲೆಕ್ಕಾನೇ ಇಲ್ಲ. ನೀವು ಮೊದಲೇ ಹೋಗಿ ಹೆಸರು ಹಿಡ್ಕೋತೀರಿ. ನಾಳೆ ಯಾರಿಗೋ ಅದೇ ಬೇಕಾಗುತ್ತೆ. ಬಂದು ನಿಮ್ಮ ಕಾಲು ಹಿಡೀತಾರೆ."

"ಹಿಡೀದಿದ್ರೆ?"

"ಹಿಡೀದಿದ್ರೆ ನಿಮ್ಮ ಕಾಲು ನಿಮ್ಮ ಹತ್ರಾನೇ ಇರುತ್ತಲ್ಲ ಭಾವ."

ಈ ತರ್ಕದಲ್ಲಿ ಮೂರುಪ್ರತಿಗೆ ಯಾವ ಲೋಪವೂ ಕಾಣಲಿಲ್ಲ.

ಮರುದಿನ, ಹೆಂಡತಿ ಹೊಲಿದ ಯೂನಿಫಾರಂಗಳನ್ನು ಶಾಲೆಗೆ ಕೊಟ್ಟುಬರಲು ಹೋದಾಗ, ಅವನು ಹನ್ನೊಂದು ಹೆಸರು ಕೊಂಡ. ಕೊಂಡದ್ದು ಅವಳ ಕಾರ್ಡಿನಲ್ಲಿ. ಅವನ ಹತ್ತಿರ ಕಾರ್ಡ್ ಇರಲಿಲ್ಲ. ಅವಳದು ಗುಂಡಿಯ ಡಬ್ಬಿಯಲ್ಲಿ ಸದಾ ಕೈಗೆ ಸಿಗುವಂತೆ ಇರುತ್ತಿತ್ತು, ಬ್ಯಾಂಕಿನ ಮೆಸೇಜು ಓದಲು ತನಗೆ ಪುರುಸೊತ್ತಿಲ್ಲವೆಂದು ಅದಕ್ಕೆ ಗಂಡನ ಫೋನ್ ನಂಬರನ್ನೇ ಕೊಟ್ಟಿದ್ದಳು. ಮೊದಲ ವರ್ಷದ ದರವೋ, ಹನ್ನೊಂದಕ್ಕೂ ಸೇರಿ ಎರಡು ಉಂಡೆ ದಾರದ ಬೆಲೆ. ಇಷ್ಟು ಚಿಕ್ಕ ಮೊತ್ತಕ್ಕೆ ಅವಳನ್ನು ಕೇಳಿ ತೊಂದರೆ ಕೊಡುವುದು ಒಳ್ಳೆಯ ಗಂಡನ ಲಕ್ಷಣವಲ್ಲ ಎಂದು ಅವನಿಗೆ ಅನ್ನಿಸಿತು.

ಹೆಸರು ಆರಿಸುವುದರಲ್ಲಿ ಅವನು ತನ್ನ ಹತ್ತೊಂಬತ್ತು ವರ್ಷದ ಅನುಭವವನ್ನೆಲ್ಲ ಸುರಿದ. ಹೆಸರು ಚಿಕ್ಕದಾದಷ್ಟೂ ಗೊಂದಲ ಎನ್ನುವುದು ದಾಖಲೆ ಕೋಣೆಯ ಮೊದಲ ಪಾಠ. ಕಡತದ ಮೇಲೆ ಬರೆದದ್ದನ್ನು ಓದಿದರೆ ಒಳಗಿನದು ಪೂರ್ತಿ ತಿಳಿಯಬೇಕು. ಹಾಗಾಗಿ ಅವನು ಕೊಂಡದ್ದು 'ಮಕ್ಕಳಹಾಗೂವಯಸ್ಕರಸಮಗ್ರದಂತಚಿಕಿತ್ಸಾಕೇಂದ್ರ ಡಾಟ್ ಕ್ಲಿನಿಕ್' ಮುಂತಾದವು. ಇಂಗ್ಲಿಷ್ ಅಕ್ಷರದಲ್ಲಿ ಅರವತ್ತಮೂರು ಮೀರಬಾರದೆಂದು ಯಂತ್ರ ತಾಕೀತು ಮಾಡಿದ್ದರಿಂದ ಎಲ್ಲವನ್ನೂ ಅದರೊಳಗೆ ಹೇಗೋ ಹಿಡಿಸಿದ. ಕೊನೆಯದರಲ್ಲಿ ಮಾತ್ರ ಅನಾಹುತವಾಯಿತು. 'ತೂಕಮತ್ತುಅಳತೆಯಂತ್ರಗಳಮಾರಾಟಮಳಿಗೆ' ಎಂದು ಹೊಡೆಯಲು ಶುರುಮಾಡಿ 'ತೂಕ' ಎನ್ನುವಷ್ಟರಲ್ಲಿ ಸೀನು ಬಂದು, ಬೆರಳು ಹೋಗಬಾರದ ಗುಂಡಿಗೆ ಹೋಗಿ, ಬರೀ 'ತೂಕ ಡಾಟ್ ಶಾಪ್' ಅವನ ಪಾಲಿಗೆ ಬಂತು. ಅರ್ಧಂಬರ್ಧ ಹೆಸರು. ಅದೊಂದು ನಷ್ಟವೆಂದು ಅವನು ಅಂದೇ ಬರೆದಿಟ್ಟುಕೊಂಡ.

ಹೆಸರನ್ನು ಹುಡುಕಿಬಂದವರಿಗೆ ತೋರಿಸಲು ಯಂತ್ರ ಸಂಪರ್ಕ ವಿಳಾಸ ಕೇಳಿತು. ಅವನಿಗೆ ಬಾಯಿಪಾಠವಾಗಿದ್ದ ವಿಳಾಸ ಕಚೇರಿಯದೊಂದೇ. ಅದನ್ನೇ ಕೊಟ್ಟ. ಯಂತ್ರ ಪಾಸ್‌ವರ್ಡು ಕೇಳಿತು. ಪಾಸ್‌ವರ್ಡನ್ನು ಯಾರ ಕೈಗೂ ಸಿಗದ ಹಾಗೆ ಇಡಬೇಕೆಂದೂ ಹೇಳಿತು.

ಮನೆಯಲ್ಲಿ ಕಾಗದ ಇಡುವಂತಿರಲಿಲ್ಲ. ಅವನ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಅವಳ ಕಣ್ಣಿಗೆ ಬಿದ್ದ ಕಾಗದವೆಲ್ಲ ಕಾಲರೋ ತೋಳೋ ಆಗಿಬಿಡುತ್ತಿತ್ತು. ಅವನ ಬಡ್ತಿಯ ಆದೇಶ ಒಂದು ಪ್ಯಾಂಟಿನ ಜೇಬಿನ ಅಳತೆಯಾಗಿ ಇವತ್ತಿಗೂ ಮೊಳೆಗೆ ನೇತಾಡುತ್ತಿದೆ. ಆದ್ದರಿಂದ ಅವನು ಕಚೇರಿಯ ಕ್ರಮವನ್ನೇ ಅನುಸರಿಸಿದ. ಇದಕ್ಕೆಂದೇ ತೆರೆದ ಹೊಸ ಈಮೇಲು, ಅದರ ಪಾಸ್‌ವರ್ಡು, ಹೆಸರುಗಳ ಖಾತೆಯ ಪಾಸ್‌ವರ್ಡು, ಹನ್ನೊಂದು ಹೆಸರು, ಕಾರ್ಡಿನ ಹದಿನಾರು ಅಂಕಿ, ಎಲ್ಲವನ್ನೂ ದುಂಡಗೆ ಬರೆದು, ಕವರಿಗೆ ಹಾಕಿ, ಅರಗು ಕಾಯಿಸಿ ಮೊಹರು ಒತ್ತಿ, ಭದ್ರತಾ ವಹಿಯಲ್ಲಿ 'ಕವರು ಹದಿನೇಳು, ವಿಷಯ: ಗೌಪ್ಯ' ಎಂದು ನಮೂದಿಸಿ, ದಾಖಲೆ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಇಡಿಸಿದ. ಬೀರುವಿನ ಕೀಲಿ ಹೆಡ್ ಗುಮಾಸ್ತರ ಸೊಂಟದಲ್ಲಿ. ಅವರು ವಹಿಗೆ ಸಹಿ ಹಾಕಿ, ಏನೆಂದು ಕೇಳದೆ ಒಳಗಿಟ್ಟರು. ಗೌಪ್ಯ ಎಂದರೆ ಕೇಳಬಾರದು ಎಂದಲ್ಲವೇ ಅರ್ಥ.

ಆಮೇಲೆ ಒಂದು ವರ್ಷ ಅವನು ಮಹಾರಾಜನ ಹಾಗೆ ಚಹಾ ಕುಡಿದ.

ವರ್ಷ ತುಂಬುವ ತಿಂಗಳ ಇಪ್ಪತ್ತನಾಲ್ಕಕ್ಕೆ ಬ್ಯಾಂಕಿನಿಂದ ಮೆಸೇಜು ಬಂತು. ಹನ್ನೊಂದು ಹೆಸರುಗಳ ನವೀಕರಣದ ಬಾಬ್ತು ಮೂವತ್ತನೇ ತಾರೀಕು ಸಂಜೆ ನಾಲ್ಕಕ್ಕೆ ಕಾರ್ಡಿನಿಂದ ತಾನಾಗಿಯೇ ಕಡಿತವಾಗುತ್ತದೆ. ಮೊತ್ತವನ್ನು ಅವನು ಮೂರು ಸಲ ಓದಿದ. ಮೊದಲ ವರ್ಷದ್ದಕ್ಕಿಂತ ಎಷ್ಟೋ ನೂರು ಪಟ್ಟು. ಅಲ್ಲೇ ದಾರಿಯಲ್ಲಿ ನಿಂತು ಭಾವಮೈದುನನಿಗೆ ಫೋನ್ ಮಾಡಿದ.

"ಹೌದು ಭಾವ, ಮೊದಲ ವರ್ಷ ಆಸೆ ತೋರಿಸೋ ರೇಟು. ಎರಡನೇ ವರ್ಷ ಅಸಲಿ ರೇಟು. ಹೊಸ ಬಾಲಗಳದ್ದೆಲ್ಲಾ ಹಂಗೇ. ನಾನು ಹೇಳಿರಲಿಲ್ವಾ?"

"ಹೇಳಿರಲಿಲ್ಲ."

"ನೀವೂ ಕೇಳಿರಲಿಲ್ಲ ಬಿಡಿ. ಒಳಗೆ ಹೋಗಿ ಆಟೋ ಅನ್ನೋದನ್ನ ಆಫ್ ಮಾಡಿಬಿಡಿ. ಒಂದು ನಿಮಿಷದ ಕೆಲಸ."

ಒಂದು ನಿಮಿಷದ ಆ ಕೆಲಸಕ್ಕೆ ಬೇಕಾದ ಪಾಸ್‌ವರ್ಡು ಅರಗಿನ ಕೆಳಗಿತ್ತು. ಮರೆತಿದ್ದೇನೆ ಎಂದು ಒತ್ತಿದರೆ ಹೊಸದು ಈಮೇಲಿಗೆ ಬರುತ್ತದೆ. ಈಮೇಲಿನ ಪಾಸ್‌ವರ್ಡೂ ಅದೇ ಅರಗಿನ ಕೆಳಗಿತ್ತು. ತನ್ನನ್ನು ತಾನೇ ಇಷ್ಟು ಅಚ್ಚುಕಟ್ಟಾಗಿ ಕೂಡಿಹಾಕಿಕೊಂಡವರು ಲೋಕದಲ್ಲಿ ಕಡಿಮೆ.

ಕಾರ್ಡಿನಲ್ಲಿದ್ದ ಹಣವಾದರೂ ಎಂಥದು? ಮುಂದಿನ ಕೋಣೆಯಲ್ಲಿ ಹೊಲಿದು ಹೊಲಿದು ಅವನ ಹೆಂಡತಿಗೆ ಬೆನ್ನು ಬಗ್ಗಿತ್ತು. ಗಿರಾಕಿಗಳು ಮಂಚದ ಮೇಲೆ ಕೂರಬೇಕು, ಅಳತೆಯನ್ನು ಅಡಿಗೆಮನೆಯ ಬಾಗಿಲ ಮರೆಯಲ್ಲಿ ಕೊಡಬೇಕು. ಆರು ವರ್ಷ ಕೂಡಿಟ್ಟು ಅವಳು ದೊಡ್ಡ ರಸ್ತೆಯ ತಿರುವಿನಲ್ಲಿ ಒಂದು ಅಂಗಡಿ ಗೊತ್ತುಮಾಡಿಕೊಂಡಿದ್ದಳು. ಮುಂಗಡ ಕೊಡಬೇಕಾದದ್ದು ಒಂದನೇ ತಾರೀಕು. ಮೂವತ್ತಕ್ಕೆ ಆ ಮೊತ್ತ ಕಡಿತವಾದರೆ ಮುಂಗಡದ ಮುಕ್ಕಾಲು ಪಾಲು ದಂತಚಿಕಿತ್ಸೆಗೆ ಹೋದ ಹಾಗೆ.

ಅವನು ಬ್ಯಾಂಕಿಗೆ ಓಡಿದ.

"ಕಾರ್ಡು ಯಾರದು?" ಎಂದಳು ಕಿಟಕಿಯವಳು.

"ನನ್ನ ಹೆಂಡತೀದು."

"ಅವರೇ ಬಂದು ಬರ್ಕೊಡಬೇಕು. ಐದು ನಿಮಿಷದಲ್ಲಿ ನಿಲ್ಲಿಸ್ತೀವಿ."

"ಅವರು ಬರದೇ ನಿಲ್ಲಿಸೋ ಹಾಗೆ ಏನಾದ್ರೂ..."

ಆಕೆ ತಲೆಯೆತ್ತಿ ಅವನನ್ನು ನೋಡಿದಳು. ಅವನು ಉತ್ತರಕ್ಕೆ ಕಾಯದೆ ಹೊರಟ.

ಹೀಗೆ ಎದುರಿಗೇ ಒಂದು ಬಾಗಿಲು ಹಾರುಹೊಡೆದಿತ್ತು. ಹೆಂಡತಿಗೆ ಹೇಳಿಬಿಡುವುದು. ಅದೊಂದನ್ನು ಬಿಟ್ಟು ಉಳಿದೆಲ್ಲ ಗೋಡೆಗಳಿಗೆ ತಲೆ ಚಚ್ಚಿಕೊಳ್ಳುವುದೆಂದು ಅವನು ತೀರ್ಮಾನಿಸಿದ.

ಮೊದಲ ಗೋಡೆ ಹೆಡ್ ಗುಮಾಸ್ತರು.

"ಸಾರ್, ಬೀರುವಿಂದ ಹದಿನೇಳನೇ ಕವರ್ ತೆಗೀಬೇಕಿತ್ತು."

"ಯಾಕೆ?"

"ಸುಮ್ನೆ. ಅರಗು ಸರಿ ಇದೆಯಾ ನೋಡೋಣ ಅಂತ."

"ಒಂಬತ್ತು ವರ್ಷದಿಂದ ಆ ಬೀರುವಿಂದ ಯಾರೂ ಏನೂ ತೆಗೆದಿಲ್ಲ ಕಣ್ರೀ. ಒಳಗೆ ಹಾಕೋಕೆ ಮಾತ್ರ ಅದು ಇರೋದು. ತೆಗೀಬೇಕಾದ್ರೆ ಸಾಹೇಬರ ಆದೇಶ ಬೇಕು. ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಹೊರಗಿನವರು. ಆ ನಿಯಮಾನ ದುಂಡಗೆ ಬರೆದು ಬೀರುವಿಗೆ ಅಂಟಿಸಿದವರು ನೀವೇ ಅಲ್ವಾ?"

ಅವನೇ. ಅಕ್ಷರ ಮುತ್ತಿನ ಹಾಗಿತ್ತು.

ಮಾರನೆಯ ದಿನ ಕಚೇರಿಗೆ ಒಂದು ರಿಜಿಸ್ಟರ್ಡ್ ಪತ್ರ ಬಂತು. ತಕ್ಕಡಿ ತಯಾರಿಸುವ ಒಂದು ಕಂಪನಿಯದು. 'ತಮ್ಮ ಘನ ಕಚೇರಿಯ ಒಡೆತನದಲ್ಲಿರುವ ತೂಕ ಡಾಟ್ ಶಾಪ್ ಎಂಬ ಹೆಸರನ್ನು ಯೋಗ್ಯ ಬೆಲೆಗೆ ಕೊಳ್ಳಲು ಇಚ್ಛಿಸುತ್ತೇವೆ' ಎಂದು ಬರೆದು, ಬೆಲೆಯನ್ನೂ ನಮೂದಿಸಿತ್ತು. ಪತ್ರಕ್ಕೆ ಒಳಬರುವ ನಂಬರು ಬಿತ್ತು. ಹೆಡ್ ಗುಮಾಸ್ತರು ಅದನ್ನು ಓದಿ, ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ಓದಿ, ಸಾಹೇಬರ ಕೋಣೆಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು.

ಅರ್ಧ ಗಂಟೆಯೊಳಗೆ ಸಭೆ. ಸಾಹೇಬರು ಬಂದು ನಾಲ್ಕೇ ತಿಂಗಳಾಗಿತ್ತು.

"ನಮ್ಮ ಕಚೇರಿಗೆ ಇಂಥದ್ದೊಂದು ಆಸ್ತಿ ಇದೆ ಅಂತ ನನಗ್ಯಾಕೆ ಯಾರೂ ಹೇಳಿಲ್ಲ?"

ತನಗೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಆ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ.

"ಹಳೇ ಸಾಹೇಬರ ಕಾಲದ್ದು ಸಾರ್," ಎಂದ ಲೆಕ್ಕಿಗ. "ಅವರು ತುಂಬಾ ಮುಂದಾಲೋಚನೆಯವರು."

"ಹೌದೌದು," ಎಂದರು ಹೆಡ್ ಗುಮಾಸ್ತರು. "ನನ್ನ ಹತ್ರ ಒಂದ್ಸಲ ಸೂಚ್ಯವಾಗಿ ಹೇಳಿದ್ರು."

"ದಾಖಲೆ ಎಲ್ಲಿದೆ?"

ಎಲ್ಲರ ಕಣ್ಣೂ ಮೂರುಪ್ರತಿಯ ಮೇಲೆ ಬಿತ್ತು. ಅದು ನನ್ನದು ಎಂದರೆ, ಖಾಸಗಿ ವ್ಯಾಪಾರಕ್ಕೆ ಕಚೇರಿಯ ವಿಳಾಸ, ಅರಗು, ಬೀರು ಬಳಸಿದ ತಪ್ಪಿಗೆ ಅಮಾನತು. ಅಲ್ಲ ಎಂದರೆ ಆಸ್ತಿ ಹೋಯಿತು. ಎರಡರ ನಡುವೆ ತೂಗಾಡುತ್ತಿದ್ದಾಗ, ಸಾಹೇಬರು ಅವನಿಗೇ ಆದೇಶ ಕೊಟ್ಟರು. ತೂಕ ಡಾಟ್ ಶಾಪ್ ಕಚೇರಿಗೆ ಹೇಗೆ ಬಂತೆಂದು ದಾಖಲೆ ಹುಡುಕಿ ವರದಿ ಕೊಡತಕ್ಕದ್ದು.

ತನ್ನ ಮೇಲೆ ತಾನೇ ವರದಿ ಬರೆಯಲು ಕೂತ ಮೂರುಪ್ರತಿಗೆ ಮೊದಲ ಬಾರಿಗೆ ಒಂದು ಬುದ್ಧಿ ಹೊಳೆಯಿತು. 'ಲಭ್ಯ ದಾಖಲೆಗಳನ್ನು ಪರಿಶೀಲಿಸಲಾಗಿ, ಸದರಿ ವಿಷಯವು ಭದ್ರತಾ ಕವರು ಹದಿನೇಳರಲ್ಲಿ ಇರಬಹುದೆಂದು ಕಂಡುಬರುತ್ತದೆ. ಕವರನ್ನು ತಕ್ಷಣ ತೆರೆಯುವುದು ಸೂಕ್ತ' ಎಂದು ಬರೆದ. ತಕ್ಷಣ ಎನ್ನುವುದರ ಕೆಳಗೆ ಎರಡು ಗೆರೆ ಎಳೆದ. ಅಕ್ಷರದ ಗುರುತು ಸಿಕ್ಕೀತೆಂಬ ಹೆದರಿಕೆ ಅವನಿಗಿರಲಿಲ್ಲ. ಆ ಕಚೇರಿಯಲ್ಲಿ ಯಾರು ಏನೇ ಹೇಳಲಿ ಬರೆಯುತ್ತಿದ್ದವನು ಅವನೊಬ್ಬನೇ. ಹತ್ತೊಂಬತ್ತು ವರ್ಷದ ಹುಟ್ಟೂ ಸಾವೂ ಅವನ ಕೈಬರಹದಲ್ಲೇ ಆಗಿದ್ದವು.

ಇಪ್ಪತ್ತೇಳಕ್ಕೆ ಕಂಪನಿಯಿಂದ ಇನ್ನೊಂದು ಪತ್ರ ಬಂತು. ಬೆಲೆ ಇಮ್ಮಡಿಯಾಗಿತ್ತು.

"ನಾವು ಉತ್ತರಾನೇ ಬರ್ದಿಲ್ಲ, ಅವರಾಗೇ ಡಬಲ್ ಮಾಡಿದ್ದಾರೆ," ಎಂದು ಹೆಡ್ ಗುಮಾಸ್ತರು ಗಲ್ಲ ಸವರಿಕೊಂಡರು. "ಇದು ನಮ್ಮ ಇಲಾಖೆಯ ಘನತೆ. ಇನ್ನೂ ಒಂದು ತಿಂಗಳು ಸುಮ್ಮನಿರೋಣ."

"ಒಂದು ತಿಂಗಳಾ ಸಾರ್?" ಎಂದ ಮೂರುಪ್ರತಿ.

"ನಿಮಗ್ಯಾಕ್ರೀ ಅವಸರ? ನಿಮ್ಮಪ್ಪನ ಮನೆಯದಾ?"

ಲೆಕ್ಕಿಗ ಆಗಲೇ ಆ ಹಣದಲ್ಲಿ ಆರು ಫ್ಯಾನು ಹಾಕಿಸಿ, ಏಳನೆಯದು ಯಾರ ತಲೆಯ ಮೇಲೆ ಎನ್ನುವ ಜಗಳ ಶುರುಮಾಡಿದ್ದ. ಟೈಪಿಸ್ಟ್ ಮಾತ್ರ ಮೂರುಪ್ರತಿಯನ್ನೇ ನೋಡುತ್ತಿದ್ದಳು. "ಸಾರ್, ನಿಮ್ಮದೂ ಡೊಮೇನ್ ಇತ್ತಲ್ವಾ? ಯಾವ ಹೆಸರು?" ಎಂದಳು. ಅವನು ಹೊಟ್ಟೆನೋವೆಂದು ಎದ್ದುಹೋದ.

ಇಪ್ಪತ್ತೆಂಟು, ಇಪ್ಪತ್ತೊಂಬತ್ತು ರಜ. ಎರಡು ದಿನ ಅವನು ಮನೆಯಲ್ಲಿ ಹೆಂಡತಿಯ ಕಣ್ಣು ತಪ್ಪಿಸುತ್ತ ಸುತ್ತಿದ. ಅವಳು ಹೊಸ ಅಂಗಡಿಯ ಗೋಡೆಗೆ ಯಾವ ಬಣ್ಣ ಎಂದು ಕೇಳಿದಳು. ಯಾವುದಾದರೂ ಆಗಬಹುದು ಎಂದ. ಕನ್ನಡಿ ಎಷ್ಟು ಎತ್ತರ ಇರಲಿ ಎಂದಳು. ಅದಕ್ಕೂ ಹಾಗೇ ಅಂದ.

"ಏನ್ರೀ, ಹುಷಾರಿಲ್ವಾ? ಮುಖ ಯಾಕೆ ಹಿಂಗಾಗಿದೆ?"

"ಆಫೀಸಲ್ಲಿ ಆಡಿಟ್ಟು ಕಣೇ."

"ನೀವೇನು ದುಡ್ಡು ಮುಟ್ಟೋರಲ್ಲವಲ್ಲ. ನಿಮಗ್ಯಾಕೆ ಭಯ?"

ಅವನು ನೀರು ಕುಡಿಯಲು ಒಳಗೆ ಹೋದ. ಬಾಯಿ ತೆರೆದರೆ ನಿಜ ಬೀಳುತ್ತಿತ್ತು. ಅದಕ್ಕೆ ಎರಡು ಲೋಟ ನೀರು ಕುಡಿದ.

ಮೂವತ್ತನೇ ತಾರೀಕು ಆದೇಶಕ್ಕೆ ಸಾಹೇಬರ ಸಹಿ ಬೀಳುವಷ್ಟರಲ್ಲಿ ಮಧ್ಯಾಹ್ನ ಮೂರು ದಾಟಿತ್ತು. ದಾಖಲೆ ಕೋಣೆಯಲ್ಲಿ ಮೇಜು ಹಾಕಿದರು. ಸಾಹೇಬರು ಕೂತರು. ಹೆಡ್ ಗುಮಾಸ್ತರು ಬೀರು ತೆಗೆಯುವಾಗ ಅದು ಒಂಬತ್ತು ವರ್ಷದ ಸಂಕಟವನ್ನೆಲ್ಲ ಒಂದೇ ಉಸಿರಿಗೆ ಹೇಳಿತು. ಕಚೇರಿಯ ಪರವಾಗಿ ಲೆಕ್ಕಿಗ ಸಾಕ್ಷಿ. ಹೊರಗಿನ ಸಾಕ್ಷಿಗೆ, ಕಿಟಕಿಯ ಸಾಲಿನಲ್ಲಿ ಮೊದಲು ನಿಂತವರನ್ನು ಕರೆತರಲು ಟೈಪಿಸ್ಟ್ ಹೋದಳು.

ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಬಂದ ಹೆಂಗಸೊಬ್ಬಳು ಒಳಗೆ ಕಾಲಿಟ್ಟಳು. ಅಂಗಡಿಯ ಕರಾರಿಗೆ ಜನನ ದಾಖಲೆಯ ನಕಲು ಬೇಕೆಂದು ಮಾಲೀಕ ಅವತ್ತು ಬೆಳಿಗ್ಗೆ ಕೇಳಿದ್ದ. ಗಂಡನಿಗೆ ಆಡಿಟ್ಟಿನ ತಲೆಬಿಸಿ ಇರುವಾಗ ತಾನೇ ಹೋಗಿ ಸಾಲಿನಲ್ಲಿ ನಿಲ್ಲುವುದು ಮೇಲೆಂದು ಅವಳು ಬಂದಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಈ ಕಚೇರಿಗೆ ಬಂದದ್ದು ಇದೇ ಮೊದಲು.

ಮೂರುಪ್ರತಿ ಕಡತದ ಕಪಾಟಿಗೆ ಒರಗಿದ. ಕಪಾಟು ಅಲುಗಿತು.

"ಹೆದರಬೇಡಿ ಅಮ್ಮ," ಎಂದರು ಹೆಡ್ ಗುಮಾಸ್ತರು. "ಈ ಕವರ್ ಒಡೆದು, ಒಳಗಿರೋದನ್ನ ಜೋರಾಗಿ ಓದಿ, ಒಂದು ಸಹಿ ಹಾಕಿದ್ರೆ ಆಯ್ತು. ನಿಮ್ಮ ಕೆಲಸಾನೂ ಬೇಗ ಮಾಡಿಕೊಡ್ತೀವಿ. ನಮ್ಮ ಮೂರುಪ್ರತಿ ಇದ್ದಾರೆ."

"ಇದ್ದಾರಲ್ಲ, ನೋಡ್ತಿದ್ದೀನಿ," ಎಂದಳು ಅವಳು.

ಅವನು ಹುಬ್ಬಿನಿಂದ, ತುಟಿಯಿಂದ, ಕೊನೆಗೆ ಎಡ ಮೊಣಕೈಯಿಂದ ಸನ್ನೆ ಮಾಡಿದ. ಮೊಣಕೈಯಿಂದ ಹೇಳಬಹುದಾದದ್ದು ಬಹಳ ಕಡಿಮೆ.

ಅರಗು ಒಡೆಯಿತು. ಅವಳು ಓದಿದಳು. ಮಕ್ಕಳಹಾಗೂವಯಸ್ಕರ ಹೆಸರಿನಲ್ಲಿ ಎರಡು ಸಲ ಉಸಿರು ತೆಗೆದುಕೊಂಡಳು. ಹನ್ನೊಂದನೆಯದಾಗಿ ತೂಕ ಡಾಟ್ ಶಾಪ್ ಎಂದಾಗ ಸಾಹೇಬರು ಮೇಜು ತಟ್ಟಿದರು. ಪಾಸ್‌ವರ್ಡು ಬಂತು. ಅದು ಗುಟ್ಟಿನದು, ಆದರೆ ಜೋರಾಗಿ ಓದಬೇಕೆಂದು ನಿಯಮ. ಹೆಡ್ ಗುಮಾಸ್ತರು ಒಂದು ಕ್ಷಣ ಯೋಚಿಸಿ ಇತ್ಯರ್ಥ ಮಾಡಿದರು.

"ಓದಿ ಅಮ್ಮ. ಎಲ್ಲರೂ ಕಿವಿ ಮುಚ್ಕೊಳ್ಳಿ."

ಸಾಹೇಬರೂ ಸೇರಿ ಎಲ್ಲರೂ ಕಿವಿ ಮುಚ್ಚಿಕೊಂಡರು. ಅವಳು ಓದಿದಳು. ಆಮೇಲೆ ಹದಿನಾರು ಅಂಕಿ. ಮೊದಲ ನಾಲ್ಕನ್ನು ಸಲೀಸಾಗಿ ಓದಿದವಳು ಮುಂದಿನ ನಾಲ್ಕಕ್ಕೆ ನಿಧಾನವಾದಳು. ನಿಂತಳು. ಮುಂಗಡಕ್ಕೆಂದು ಚೀಲಕ್ಕೆ ಹಾಕಿಕೊಂಡಿದ್ದ ಕಾರ್ಡು ತೆಗೆದು ಕಾಗದದ ಪಕ್ಕ ಇಟ್ಟುಕೊಂಡು, ಬಟ್ಟೆಯ ಅಂಚು ಕೂಡಿಸುವ ಹಾಗೆ, ಒಂದೊಂದೇ ಅಂಕಿಯನ್ನು ಬೆರಳಿನಿಂದ ಹೊಂದಿಸಿ ನೋಡಿದಳು.

"ಇದು ನನ್ನ ಕಾರ್ಡು," ಎಂದಳು.

ಕಿವಿಯಿಂದ ಕೈಗಳು ಒಂದೊಂದಾಗಿ ಇಳಿದವು.

"ಅಮ್ಮ, ಅದು ಸರ್ಕಾರಿ ಕಾಗದ," ಎಂದರು ಹೆಡ್ ಗುಮಾಸ್ತರು.

"ಅಂಕಿ ನನ್ನದು. ನೋಡಿ."

ನೋಡಿದರು. ಸಾಹೇಬರು, ಲೆಕ್ಕಿಗ, ಹೆಡ್ ಗುಮಾಸ್ತರು ಮೂವರ ತಲೆಯೂ ಮೇಜಿನ ಮೇಲೆ ಸೇರಿತು. ಅಷ್ಟರಲ್ಲಿ ಟೈಪಿಸ್ಟ್ ಮೆಲ್ಲಗೆ ಹೇಳಿದಳು. "ಅಮ್ಮ, ಇದಕ್ಕೆ ಕಾರ್ಡು ಕೊಟ್ಟಿದ್ರೆ ವರ್ಷ ವರ್ಷ ದುಡ್ಡು ತಾನಾಗೇ ಕಡಿತ ಆಗುತ್ತೆ. ಯಾವತ್ತು ಕೊಂಡಿದ್ದು ಅಂತ ಕೆಳಗೆ ಬರ್ದಿದೆ ನೋಡಿ. ಇವತ್ತಿಗೆ ವರ್ಷ. ಹೊಸ ಬಾಲದವು, ರೇಟು ಸಿಕ್ಕಾಪಟ್ಟೆ."

ಅವಳು ಗಂಡನ ಕಡೆ ನೋಡಿದಳು. ಅವನು ನಾಲ್ಕು ಬೆರಳು ತೋರಿಸಿದ. ನಾಲ್ಕು ಗಂಟೆಗೆ. ಗೋಡೆಯ ಗಡಿಯಾರ ಮೂರು ನಲವತ್ತು ತೋರಿಸುತ್ತಿತ್ತು.

ಇವರು ನನ್ನ ಗಂಡ ಎಂದು ಅವಳು ಬಾಯಿಬಿಟ್ಟರೆ ಅವನ ಕೆಲಸ ಅಲ್ಲೇ ಮುಗಿಯುತ್ತಿತ್ತು. ಸುಮ್ಮನಿದ್ದರೆ ಇಪ್ಪತ್ತು ನಿಮಿಷದಲ್ಲಿ ಅವಳ ಅಂಗಡಿ ಮುಗಿಯುತ್ತಿತ್ತು. ಅವಳು ಟೇಪನ್ನು ಕೊರಳಿಂದ ತೆಗೆದು ಕೈಗೆ ಸುತ್ತಿಕೊಂಡಳು. ದುಬಾರಿ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅವಳು ಹಾಗೆ ಮಾಡುವುದನ್ನು ಅವನು ನೋಡಿದ್ದ.

"ಸಾಹೇಬರೇ," ಎಂದಳು. "ನನ್ನ ಕಾರ್ಡಿನ ನಂಬರು ನಿಮ್ಮ ಬೀರುವಿನೊಳಗೆ ಹೇಗೆ ಬಂತು?"

ಆಸ್ತಿ ಹೇಗೆ ಬಂತೆಂದು ಯೋಚಿಸುತ್ತಿದ್ದವರಿಗೆ ಕಾರ್ಡು ಹೇಗೆ ಬಂತೆಂಬ ಪ್ರಶ್ನೆ ಹೊಳೆದೇ ಇರಲಿಲ್ಲ. ಊರಿನ ಒಬ್ಬ ಹೆಂಗಸಿನ ಕಾರ್ಡಿನಲ್ಲಿ ಕಚೇರಿಯೊಂದು ಒಂದು ವರ್ಷದಿಂದ ಗುಟ್ಟಾಗಿ ವ್ಯಾಪಾರ ಮಾಡಿಕೊಂಡಿದೆ. ಪುರಾವೆಗೆ ಮೊಹರು ಬೇರೆ ಒತ್ತಿ ಇಟ್ಟುಕೊಂಡಿದೆ. ಸಾಹೇಬರ ಮುಖ ಅರಗಿನ ಬಣ್ಣದಿಂದ ಕಾಗದದ ಬಣ್ಣಕ್ಕೆ ಬಂತು.

"ನಾನು ಬಂದು ನಾಲ್ಕೇ ತಿಂಗಳು ಅಮ್ಮ. ಕೂತ್ಕೊಳ್ಳಿ. ಯಾರಾದ್ರೂ ಕುರ್ಚಿ ಕೊಡ್ರೀ."

"ಹಳೇ ಸಾಹೇಬರ ಕಾಲದ್ದು," ಎಂದ ಲೆಕ್ಕಿಗ. "ಅವರು ಸ್ವಲ್ಪ ಹಂಗೇನೇ."

"ನನ್ನ ಹತ್ರ ಅವರು ಏನೂ ಹೇಳಿರಲಿಲ್ಲ," ಎಂದರು ಹೆಡ್ ಗುಮಾಸ್ತರು.

"ಬರೆದೋರು ಯಾರು?" ಎಂದಳು ಅವಳು, ಗಂಡನನ್ನೇ ನೋಡುತ್ತ.

"ಅಕ್ಷರ ಇವರದ್ದೇ. ಆದ್ರೆ ಇವರು ಹೇಳಿದ್ದನ್ನ ಬರೆಯೋರು ಅಮ್ಮ, ಪಾಪ. ಸ್ವಂತಕ್ಕೆ ಏನೂ ತಿಳಿಯಲ್ಲ."

"ನನಗೂ ಹಂಗೇ ಅನ್ನಿಸ್ತಿದೆ. ಏನ್ರೀ, ನೀವೇ ಹೇಳಿ. ನನ್ನ ಕಾರ್ಡು ಇಲ್ಲಿಗೆ ಹೇಗೆ ಬಂತು?"

ಮೂರುಪ್ರತಿಯ ಬಾಯಿಗೆ ಹತ್ತೊಂಬತ್ತು ವರ್ಷದ ಅಭ್ಯಾಸದಲ್ಲಿ ಇದ್ದದ್ದೇ ಬಂತು.

"ಪರಿಶೀಲಿಸಿ ತಿಳಿಸಲಾಗುವುದು."

"ಸ್ವಲ್ಪ ಬೇಗ ತಿಳಿಸಿ," ಎಂದು ಅವಳು ಟೈಪಿಸ್ಟ್ ಕಡೆ ತಿರುಗಿದಳು. "ಅಮ್ಮಣ್ಣಿ, ಅದನ್ನ ಈಗಲೇ ನಿಲ್ಲಿಸು."

ಕಂಪ್ಯೂಟರಿನ ಸುತ್ತ ಇಡೀ ಕಚೇರಿ ನೆರೆಯಿತು. ಪಾಸ್‌ವರ್ಡು ಹೊಡೆಯುವಾಗ ಎಲ್ಲರೂ ಈ ಸಲ ಕಣ್ಣು ಮುಚ್ಚಿಕೊಂಡರು. ದಂತಚಿಕಿತ್ಸೆ ಮೂರು ನಲವತ್ತೆಂಟಕ್ಕೆ ಹೋಯಿತು. ಉಳಿದವೂ ಒಂದೊಂದಾಗಿ ಹೋದವು. ಮೂರು ಐವತ್ತಾರಕ್ಕೆ ತೂಕ ಒಂದೇ ಉಳಿಯಿತು.

"ಅಮ್ಮ, ಇದೊಂದನ್ನ ಯೋಚನೆ ಮಾಡಿ," ಎಂದಳು ಟೈಪಿಸ್ಟ್. "ಇದಕ್ಕೆ ಒಂದು ಕಂಪನಿ ದುಡ್ಡು ಕೊಡ್ತೀನಿ ಅಂದಿದೆ. ಎಷ್ಟು ಅಂದ್ರೆ..." ಎಂದು ಕಿವಿಯಲ್ಲಿ ಹೇಳಿದಳು. ಅದು ಮುಂಗಡದ ಎರಡರಷ್ಟಿತ್ತು. ಅವಳ ಕೈಯಲ್ಲಿ ಸುತ್ತಿದ ಟೇಪು ಬಿಗಿಯಾಯಿತು.

"ಕಾರ್ಡು ನಿಮ್ಮದು ಅಂದ್ಮೇಲೆ ಹೆಸರೂ ನಿಮ್ಮದೇ ಆಗುತ್ತೆ," ಎಂದರು ಸಾಹೇಬರು ಒಲ್ಲದ ಮನಸ್ಸಿನಿಂದ. "ಆದ್ರೆ ಅದು ಇಲ್ಲಿಗೆ ಹೇಗೆ ಬಂತು, ಯಾರ ಮೂಲಕ ಬಂತು ಅಂತ ನೀವೊಂದು ಹೇಳಿಕೆ ಬರ್ಕೊಡಬೇಕಾಗುತ್ತೆ. ನಾವು ತನಿಖೆ ಮಾಡಿಸ್ತೀವಿ. ಪೂರ್ತಿ ತನಿಖೆ."

ಮೂರುಪ್ರತಿ ನೆಲ ನೋಡುತ್ತಿದ್ದ. ಅಲ್ಲಿ ಅರಗಿನ ಚೂರುಗಳಿದ್ದವು. ಹೇಳಿಕೆಯನ್ನು ತಾನೇ ದುಂಡಗೆ ಬರೆಯಬೇಕಾಗುತ್ತದೆ ಎಂದು ಅವನಿಗೆ ಹೊಳೆಯಿತು.

"ಬೇಡ," ಎಂದಳು ಅವಳು. "ತೆಗೆದುಬಿಡು ಅದನ್ನೂ. ನನ್ನ ಕಾರ್ಡನ್ನ ಪೂರ್ತಿ ಅಳಿಸಿಬಿಡು. ಹೆಸರು ನಿಮ್ಮ ಕಚೇರಿಯಲ್ಲೇ ಇರಲಿ ಸಾಹೇಬರೇ. ನನಗೆ ಜನನದ ನಕಲು ಕೊಡಿ, ಸಾಕು."

ಮೂರು ಐವತ್ತೆಂಟು. ಸಾಹೇಬರು ನಿಟ್ಟುಸಿರು ಬಿಟ್ಟರು. ಲೆಕ್ಕಿಗನ ಫ್ಯಾನುಗಳು ಮತ್ತೆ ತಿರುಗತೊಡಗಿದವು. ಮೂರುಪ್ರತಿಯೊಬ್ಬನಿಗೆ ಮಾತ್ರ ಆ ಎರಡು ನಿಮಿಷದಲ್ಲಿ ಎಷ್ಟು ಹಣ ಕೈಬಿಟ್ಟುಹೋಯಿತು, ಯಾತಕ್ಕಾಗಿ ಹೋಯಿತು ಎನ್ನುವುದು ಗೊತ್ತಿತ್ತು.

ಕಚೇರಿಯ ಕತೆಯನ್ನು ಇಲ್ಲಿಗೇ ಮುಗಿಸಿಬಿಡಬಹುದು. ನವೀಕರಣಕ್ಕೆ ಇನ್ನೂ ಒಂದು ತಿಂಗಳ ಕಾಲಾವಕಾಶ ಇತ್ತು. ಆ ಮೊತ್ತ ಮಂಜೂರು ಮಾಡಿಸುವ ಕಡತ ನಾಲ್ಕು ಮೇಜು ದಾಟಿ, ಐದನೆಯದರಲ್ಲಿ 'ತೂಕ ಎಂದರೆ ಏನು, ಸ್ಪಷ್ಟಪಡಿಸಿ' ಎಂಬ ಷರಾ ಹೊತ್ತು ವಾಪಸು ಬಂತು. ಅಷ್ಟರಲ್ಲಿ ಗಡುವು ಮುಗಿದು, ಹೆಸರು ಬಯಲಿಗೆ ಬಿತ್ತು. ತಕ್ಕಡಿ ಕಂಪನಿಯವರು ಅದನ್ನು ಮೊದಲ ವರ್ಷದ ದರದಲ್ಲಿ, ಯಾರ ಕಾಲೂ ಹಿಡಿಯದೆ ಕೊಂಡು, ತಮ್ಮ ಘನ ಕಚೇರಿಯ ಸಹಕಾರಕ್ಕೆ ಕೃತಜ್ಞತೆ ಎಂದು ಬರೆದರು. ಆ ಪತ್ರಕ್ಕೂ ಒಳಬರುವ ನಂಬರು ಬಿದ್ದಿದೆ.

ಮೂವತ್ತರ ಸಂಜೆ ಅವಳು ಅವನ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟಳು, ತೆಗೆದಳು. ಅವನು ಎಲ್ಲವನ್ನೂ ಮೊದಲಿನಿಂದ ಹೇಳಿದ: ಚಹಾ, ಬಿಸ್ಕತ್ತು, ತಮ್ಮ, ಸೀನು. ಅವಳು ಯಂತ್ರ ತುಳಿಯುತ್ತಲೇ ಇದ್ದಳು. ಕೇಳಿಸಿತೋ ಇಲ್ಲವೋ ತಿಳಿಯದೆ ಅವನು ಎರಡನೆಯ ಸಲ ಹೇಳಿದ. ಮೂರನೆಯ ಸಲ ಶುರುಮಾಡಿದಾಗ ಅವಳು ದೀಪ ಆರಿಸಿದಳು.

ಒಂದನೇ ತಾರೀಕು ಬೆಳಿಗ್ಗೆ ಇಬ್ಬರೂ ತಿರುವಿನ ಅಂಗಡಿಗೆ ಹೋದರು. ಅವಳು ಕರೆದಿರಲಿಲ್ಲ, ಬರಬೇಡಿ ಎಂದೂ ಹೇಳಿರಲಿಲ್ಲ. ಮಾಲೀಕ ಮುಂಗಡ ತೆಗೆದುಕೊಂಡು ಕರಾರಿನ ಕಾಗದ ಹರಡಿದ. ಖಾಲಿ ಅಂಗಡಿಯಲ್ಲಿ ಮೂವರ ಮಾತೂ ಗುಂಯ್ಗುಡುತ್ತಿತ್ತು. ನಾಲ್ಕು ಮೂಲೆಯಲ್ಲೂ ಬೆಳಕಿತ್ತು. ಗೋಡೆಯಲ್ಲಿ ಯಾರೋ ಹಿಂದಿನವರು ಹೊಡೆದಿದ್ದ ಮೊಳೆಗಳನ್ನು ಅವಳು ಆಗಲೇ ಎಣಿಸುತ್ತಿದ್ದಳು.

"ಯಜಮಾನ್ರು ಏನ್ ಕೆಲಸ ಮಾಡ್ತಾರೆ ಅಂತ ಬರೀಬೇಕು," ಎಂದ ಮಾಲೀಕ, ಪೆನ್ನು ಎತ್ತಿಕೊಂಡು.

ಮೂರುಪ್ರತಿ ಗಂಟಲು ಸರಿಪಡಿಸಿಕೊಂಡ. ಅವನು ಹೇಳುವ ಮೊದಲೇ ಅವಳು ಹೇಳಿದಳು.

"ಸಂಜೆ ಆರರಿಂದ ಎಂಟರವರೆಗೆ ಇಲ್ಲಿ ಗುಂಡಿ ಹಾಕ್ತಾರೆ."

ಮಾಲೀಕ ಬರೆದುಕೊಂಡ. ಮೂರುಪ್ರತಿಗೆ ಈ ನೇಮಕಾತಿಯ ವಿಷಯ ತಿಳಿದದ್ದು ಆಗಲೇ. ಎಷ್ಟು ಕಾಲದವರೆಗೆ ಎಂದು ಕೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಮೂವತ್ತರ ಸಂಜೆಯಿಂದೀಚೆಗೆ ಅವಳು ಅವನ ವಿಷಯವಾಗಿ ಆಡಿದ ಮೊದಲ ಮಾತು ಅದು. ಕೇಳಲಿಲ್ಲ. ಬಾಗಿಲ ಬಳಿ ಬೆಳಕು ಹೆಚ್ಚಿದ್ದ ಜಾಗಕ್ಕೆ ಹೋಗಿ, ಒಂದು ಸ್ಟೂಲು ಎಲ್ಲಿ ಹಿಡಿಸೀತೆಂದು ಹೆಜ್ಜೆಯಲ್ಲಿ ಅಳೆದು ನೋಡತೊಡಗಿದ.

"ಅಲ್ಲಿ ಬೇಡ," ಎಂದಳು ಅವಳು ಕಾಗದಕ್ಕೆ ಸಹಿ ಹಾಕುತ್ತ. "ಬಿಸಿಲು ಬೀಳುತ್ತೆ. ನನ್ನ ಪಕ್ಕ ಹಾಕ್ಕೊಳ್ಳಿ."